ಶನಿವಾರದ ರಾತ್ರಿ ಪಾಳಿ

ಏಳಕ್ಕ ಪಾಳಿ ಮುಗೀತು. ಮನಿಗೆ ಬಂದು
ಬಕೇಟಿನಾಗ ಮೊಣಕೈತನಕ ಕೈ ಅದ್ದಿ
ಎರಡು ಸರ್ತಿ ಸಾಬಣ ಹಚ್ಚಿದೆ.
ಫಿನೈಲ್ ವಾಸನಿ ಉಗುರಿನ ಸಂದ್ಯಾಗ ಹಂಗೇ ಅದ.
ಬಿಳಿ ಸೀರಿ ಉಟ್ಟೆ. ಮಂಗಲಪೇಟೆ ಚರ್ಚಿನ ಗಂಟಿ
ಮೊದಲನೇದು ಹೊಡೆದಾಗ ಓಣ್ಯಾಗಿದ್ದೆ,
ಎರಡನೇದಕ್ಕ ಬಾಗಲದಾಗ.

ಇವತ್ತು ತಿಂಗಳ ಮೊದಲ ಆದಿತ್ಯವಾರ.
ಮೇಜಿನ ಮ್ಯಾಲ ಬಿಳಿ ಅರಿವಿ, ಅದರ ಕೆಳಗ
ರೊಟ್ಟಿ ತುಣುಕಿನ ತಟ್ಟೆ, ಬೆರಳುದ್ದದ ಲೋಟಗಳು.
"ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಲಿ"
ಅಂದರು ಪಾದ್ರಿಗಳು. ಅಂದು ಸುಮ್ಮನಾದರು.
ಫ್ಯಾನು ಒಂದೇ ಕಿರಗುಟ್ಟಲತ್ತಿತ್ತು.

ಪರೀಕ್ಷೆ ನನಗ ಹೊಸದಲ್ಲ.
ಬೀದರಿನ ದವಾಖಾನ್ಯಾಗ ಹದಿನಾಲ್ಕು ವರ್ಷದ ಆಯಾ ನಾ:
ರಕ್ತದ ಶೀಶೆ, ಉಚ್ಚಿ ಶೀಶೆ, ಕಫದ ಡಬ್ಬಿ
ಒಯ್ದು ಕಿಟಕ್ಯಾಗ ಇಡಾಕಿ.
ಸಂಜಿಗೆ ಚೀಟಿ ಬರ್ತದ, ಬ್ಯಾರೆಯವರ ಹೆಸರಿನ ಮುಂದ.

ಅದಕ್ಕೇ ಏನೋ, ಮೊದಲು ಬ್ಯಾರೆಯವರನ್ನೇ ನೋಡಿದೆ.
ಮುಂದಿನ ಬೆಂಚಿನ ಸುಲೋಚನಾಬಾಯಿ,
ಮಂದಿ ಚೀಟಿ ರೊಕ್ಕ ಮುಳುಗಿಸಿ ಬಳಿ ಮಾಡಿಸಿಕೊಂಡಾಕಿ.
ಲೋಟ ತುಂಬಿಸೋ ಹಿರಿಯ ಸಮಾಧಾನಪ್ಪ,
ತಮ್ಮನ ಜಾಗದಾಗ ಒಂದು ಮೊಳ ಗೋಡಿ ಸರಿಸಿದವ.
ಇಬ್ಬರನ್ನೂ ತೂಗಿ, ಬರಕೊಂಡು,
ಹಗುರಾಗಿ ಉಸಿರು ಬಿಟ್ಟೆ.

ಆಗ ಮುದುಕಿ ನೆಪ್ಪಾದಳು.

ನಿನ್ನಿ ರಾತ್ರಿ ಎರಡರ ಸುಮಾರು,
ಹೆರಿಗಿ ಖೋಲಿ ಹೊರಗ ನೆಲಕ್ಕ ಕುಂತಿದ್ದಳು.
ಕೂಸು ಒರೆಸಿ, ಹಳೇ ಅರಿವ್ಯಾಗ ಸುತ್ತಿ
ಬಾಗಲತನಕ ತಂದೆ. ಹೊಸ್ತಿಲ ದಾಟಲಿಲ್ಲ.
ಮಾರಿ ಮ್ಯಾಲಿನ ಅರಿವಿ ಸರಿಸಲಿಲ್ಲ.
ನಮ್ಮಲ್ಲಿ ದರ ಅದ, ಗೋಡಿ ಮ್ಯಾಲ ಬರೆದಿಲ್ಲ ಅಷ್ಟೇ:
ಗಂಡಾದರ ಐನೂರು. ಹೆಣ್ಣಾದರ ಮುನ್ನೂರು.

"ಹೆಣ್ಣೇ ಅದಲ್ಲವ್ವಾ" ಅಂದಳು ಆಕಿ,
"ಜರಾ ಕಡಿಮಿ ಮಾಡು."
ಸೆರಗಿನ ಗಂಟು ಹಲ್ಲಿಂದ ಬಿಚ್ಚಿ
ಹತ್ತು, ಇಪ್ಪತ್ತು, ಹರಿದ ಐವತ್ತು...
ಇನ್ನೂರಕ್ಕ ಎಣಿಕಿ ನಿಂತಿತು.
ಎಡ ಅಂಗೈ ಚಾಚಿದೆ. ಬಲಗೈಯಾಗ ಕೂಸಿತ್ತು.
ಕಣ್ಣು ತೆರೆದಿರಲಿಲ್ಲ ಅದು; ಬಾಯಿ ಮಾತ್ರ
ಅರಿವಿ ಅಂಚಿನಾಗ ಏನೋ ಹುಡುಕಲತ್ತಿತ್ತು.

ಊರು ನಾರಾಯಣಖೇಡದ ಆಚೆ.
ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟ ಅದಲ್ಲಾ, ಹೋಗ್ತಾಳ ಬಿಡು
ಅಂತ ನನಗ ನಾನೇ ಹೇಳಿಕೊಂಡೆ.
ಆಕಿ ಕಾರ್ಡಿನಾಗ ರಾಜ್ಯ ಬ್ಯಾರೆ.
ದಾಖಲಾತಿ ಚೀಟಿ ತುಂಬುವಾಗ ಕಣ್ಣಾರೆ ನೋಡಿದ್ದೆ.

ಇನ್ನೊಂದು ಅದ, ಬಾಯಿಗೆ ಬರಲೊಲ್ಲದು:
ಮುಂಜಾನೆ ಲಕೋಟಿಗೆ ಇಪ್ಪತ್ತು ರೂಪಾಯಿ ಹಾಕೀನಿ.
ಇನ್ನೂರರ ಹತ್ತರಲ್ಲೊಂದು. ದಶಮಾಂಶ.
ಲೆಕ್ಕ ಎಂದೂ ತಪ್ಪಿಲ್ಲ ನನ್ನದು.
ಕಾಣಿಕಿ ಚೀಲ ಆಗಲೇ ಮುಂದ ಹೋಗ್ಯದ,
ಪಾದ್ರಿಗಳು ಅದರ ಮ್ಯಾಲ ಕೈ ಎತ್ತಿ ಪ್ರಾರ್ಥನಿ ಮಾಡ್ಯಾರ.

ಅಪ್ಪ ನನಗ ದೊರ್ಕ ಅಂತ ಹೆಸರಿಟ್ಟ.
ಯೊಪ್ಪದಾಗ ಇದ್ದಳಂತ ಒಬ್ಬಾಕಿ,
ವಿಧವೆಯರಿಗೆ ಅಂಗಿ ಹೊಲಿದು ಕೊಡಾಕಿ.
ಸತ್ತಾಗ ಅವರು ಆ ಅಂಗಿ ತೋರಿಸಿ ತೋರಿಸಿ ಅತ್ತರಂತ.
ನಾ ಸತ್ತರ ಯಾರು ಏನು ತೋರಿಸ್ಯಾರು?
ಸೆರಗಿನ ಮೂಲಿ. ಗಂಟು ಬಿಚ್ಚಿದ ಸುಕ್ಕು.

ಬೆಂಚಿನ ಹಿಂದ ಬೆಂಚು ಏಳಲತ್ತಾವ.
ಕಟಕಟಿ ಮುಂದ ಮೊಣಕಾಲೂರಿ
ಅಂಗೈ ಮ್ಯಾಲ ಅಂಗೈ ಇಟ್ಟು ಚಾಚ್ತಾರ.
ಸಣ್ಣಾಕಿದ್ದಾಗ ಅವ್ವ ಕಲಿಸಿದ್ದು:
ಕೈ ತೊಟ್ಟಿಲಾಗಬೇಕು, ತುಣುಕು ಬೀಳಬಾರದು.
ಸುಲೋಚನಾಬಾಯಿ ಬಳಿ ಸದ್ದು ಮಾಡದಂಗ ಚಾಚಿದಳು.
ಆಕಿ ಕಣ್ಣಾಗ ನೀರಿತ್ತು. ನನಗ ಗೊತ್ತಿರಲಿಲ್ಲ.
ತಟ್ಟೆ ಹಿಡಿದವರು
ಎಷ್ಟು ತಂದೀರಿ ಅಂತ ಯಾರಿಗೂ ಕೇಳಲಿಲ್ಲ.

ನಮ್ಮ ಸರದಿ ಬಂತು.
ನನ್ನ ಕೈ ತೊಡಿ ಮ್ಯಾಲೇ ಉಳಿದವು.
ಮಗ್ಗಲದ ಹನ್ನಮ್ಮ ತಿವಿದಳು: "ಏಳಲ್ಲೇನು?"
"ಮೊಣಕಾಲು ಹಿಡಿದಾವ" ಅಂದೆ.

ಇವತ್ತು ಪಾಳಿ ಇಲ್ಲ. ಆದರೂ ದವಾಖಾನಿ ಕಡಿಗೇ ಹೊಂಟೀನಿ.
ಹದಿನೇಳನೇ ಮಂಚ. ಇನ್ನೂ ಅಲ್ಲೇ ಇದ್ದರ.
ಸೆರಗಿನಾಗ ಇನ್ನೂರು ಕಟ್ಟೀನಿ:
ನೂರಾ ಎಂಬತ್ತು ಆಕಿವೇ ನೋಟು,
ಇಪ್ಪತ್ತು ಹನ್ನಮ್ಮನ ಕಡಿಂದ ಕಡ ಇಸಕೊಂಡದ್ದು,
ಮೊಣಕಾಲಿಗೆ ಮುಲಾಮು ತರ್ತೀನಿ ಅಂತ ಹೇಳಿ.

ಗಂಟು ಬಿಗಿ ಬಿದ್ದದ.
ಹಲ್ಲಿಂದಲೇ ಬಿಚ್ಚಬೇಕು.