ಅರ್ಧ ಗುಳಿಗಿ

ಬರೆಯುವುದನ್ನು ಐದೂವರೆ ವರ್ಷ ಕಲಿಸಿದರು.
ಅಳಿಸುವುದಕ್ಕೆ ಸಿಕ್ಕಿದ್ದು
ಬಾಗಲಕೋಟೆ ನವನಗರದ ಹಾಲ್‌ನಲ್ಲಿ ಒಂದು ರವಿವಾರ,
ಅದೂ ಊಟದ ನಂತರ.

"ನಿಮ್ಮ ಪೇಶಂಟ್ ಒಬ್ಬರ ಚೀಲ ಸುರುವಿರಿ" ಅಂದರು
ಡಾಕ್ಟರ್ ಮುಮತಾಜ ಮಕಾನದಾರ.
ನಾವು ಮೂವತ್ತು ಮಂದಿ, ನರೆತ ಫ್ಯಾಮಿಲಿ ಡಾಕ್ಟರುಗಳು,
ಸಾಲಿ ಹುಡುಗರ ಹಾಗೆ ಸುರುವಿದೆವು.

ನನ್ನದು ಬನಹಟ್ಟಿಯ ತುಂಗವ್ವನ ಚೀಲ.
ಸೀರೆ ಅಂಗಡಿಯದು, ಹಿಡಿಕೆ ಹರಿದು ಗಂಟು ಹಾಕಿದ್ದು.
ಹನ್ನೊಂದು ನಮೂನೆ ಗುಳಿಗಿ.
ಜಮಖಂಡಿಯವರು ಬರೆದದ್ದು ಎರಡು, ಮಿರಜದವರದು ಮೂರು,
ಉಳಿದ ಆರು
ನನ್ನದೇ ಅಕ್ಷರ.

ಬಿ.ಪಿ.ಗೆ ಕೊಟ್ಟೆ, ಕಾಲು ಬಾತವು.
ಬಾವು ಇಳಿಯಲೆಂದು ಕೊಟ್ಟೆ, ರಾತ್ರಿ ನಾಲ್ಕು ಸಲ ಎದ್ದಳು.
ನಿದ್ದೆ ಕೆಟ್ಟಿತೆಂದಳು, ನಿದ್ದೆಗೆ ಕೊಟ್ಟೆ.
ಶ್ರಾವಣದಲ್ಲಿ ಬಚ್ಚಲ ಹೊಸ್ತಿಲಲ್ಲಿ ಬಿದ್ದಳು.
ನೋವಿಗೆ ಕೊಟ್ಟೆ. ಅದು ಹೊಟ್ಟೆ ಸುಟ್ಟೀತೆಂದು
ಅದಕ್ಕೂ ಒಂದು.
ಆರನೆಯದು ಯಾಕೆ? ನೆನಪಾಗಲಿಲ್ಲ.

ಚಾ ಆರಿಹೋಯಿತು.
"ಒಮ್ಮೆಲೇ ಕೀಳಬೇಡಿ. ಒಂದೊಂದೇ.
ಬೇಕೇ ಬೇಕಾದದ್ದಕ್ಕೆ ಮೊದಲು ಗೆರೆ ಎಳೆದು ಉಳಿಸಿ.
ನಿದ್ದೆಯದನ್ನು ಕಾಲು ಕಾಲು ಇಳಿಸಿ, ವಾರಗಟ್ಟಲೆ.
ಫೋನ್ ನೀವೇ ಮಾಡಿ,
ಅವರು ಮಾಡಲಿ ಅಂತ ಕೂಡಬೇಡಿ."

ಮರುದಿನ ತುಂಗವ್ವ ಬಂದಳು,
ಸೆರಗಿಗೆ ಕಂಡಿಕಿಯ ಕೆಂಪು ನೂಲು ಅಂಟಿಸಿಕೊಂಡು.
"ಗುಳಿಗಿ ಕಡಿಮಿ ಮಾಡೂಣು ಬೇ" ಅಂದೆ.
ಚೀಲ ಮಡಿಲಿಗೆ ಎಳೆದುಕೊಂಡಳು.
"ಯಾಕ್ರಿ ಸಾಹೇಬ್ರ, ನನ್ನ ಆಶಾ ಬಿಟ್ಟ್ರೇನ್ರಿ?"

ಹಾಲ್‌ನಲ್ಲಿ ಈ ಪಾಠ ಇರಲಿಲ್ಲ.
ಚೀಟಿ ಉದ್ದವಾದಷ್ಟೂ ಕಾಳಜಿ ಹೆಚ್ಚೆಂದು
ಈ ಊರಿಗೆ ಕಲಿಸಿದವನು ನಾನೇ ಅಲ್ಲವೆ,
ಇಪ್ಪತ್ತೆಂಟು ವರ್ಷ.

ಬಿ.ಪಿ.ಯದು ಬದಲಾಯಿಸಿದೆ. ಬಾವು ಇಳಿದ ಮೇಲೆ
ಬಾವಿನದನ್ನು ಬಿಡಿಸಿದೆ. ಮಿರಜಕ್ಕೆ ಫೋನ್ ಹಚ್ಚಿ ಕೇಳಿದೆ:
ಹೃದಯದ ಮೂರು ಹಾಗೇ ಇರಲಿ ಅಂದರು. ಇದ್ದವು.
ನಿದ್ದೆಯದನ್ನು ಆಕೆ
ನೂಲು ಕೊಯ್ಯುವ ಬ್ಲೇಡಿನಿಂದ ಅರ್ಧ ಮಾಡಿದಳು, ಆಮೇಲೆ ಕಾಲು.
ಮೂರನೆಯ ವಾರ ನಾನು ಕೇಳಿದಾಗ
"ಕಣ್ಣಿಗಿ ಕಣ್ಣ ಹತ್ತವಲ್ದ್ರಿ."
ಹಿಂದಕ್ಕೆ ಬಂದೆವು, ಅರ್ಧಕ್ಕೆ.
ಹದಿನೈದು ದಿನ ಬಿಟ್ಟು ಮತ್ತೆ ಮುಂದಕ್ಕೆ.

ಆರನೆಯದನ್ನು ನಿಲ್ಲಿಸಿ ಎರಡು ತಿಂಗಳಾಯಿತು.
ಏನೂ ಆಗಿಲ್ಲ.
ಯಾಕೆ ಬರೆದಿದ್ದೆನೋ, ಇನ್ನೂ ನೆನಪಾಗಿಲ್ಲ.

ಮೊನ್ನೆ ಪರೀಕ್ಷೆ ಮುಗಿಸಿ ಪೆನ್ನು ಜೇಬಿಗಿಟ್ಟೆ.
ಆಕೆ ಏಳಲಿಲ್ಲ. "ಬರಿಗೈಲೆ ಹೆಂಗ ಹೋಗ್ಲಿರಿ?
ಏನರ ಬರೀರಿ."
ಬರೆದೆ: ಬರುವ ಗುರುವಾರ ಬಾ.
ನಾಲ್ಕಾಗಿ ಮಡಿಚಿ ಚೀಲಕ್ಕೆ ಹಾಕಿದಳು.
ಬಾಗಿಲಲ್ಲಿ ತಿರುಗಿ ಕೇಳಿದಳು:
"ಊಟಕ್ಕ ಮೊದಲೋ, ಆಮ್ಯಾಲೋ?"