ಪೆನ್ಸಿಲ್ಲಿನ ತಾಸುಗಳು

ಉದ್ಯಮಬಾಗದ ಶೆಡ್ಡಿನಲ್ಲಿ ಲೇಥು ನಿಂತ ಮೇಲೂ
ಕೂಲಂಟಿನ ವಾಸನೆ ಕೈ ಬಿಡುವುದಿಲ್ಲ, ಎಷ್ಟೇ ತಿಕ್ಕಲಿ.
ಅದೇ ಕೈಯಲ್ಲಿ ರವಿವಾರ ಸಾಂಬ್ರಾಕ್ಕೆ ಹೋಗಿ
ಬಾಡಿಗೆಯ ಸೆಸ್ನಾ ಹತ್ತುತ್ತೇನೆ.
ತಾಸಿಗೆ ಇಷ್ಟು ಅಂತ ದರ.
ಆಕಾಶಕ್ಕೂ ಆಟೋದವರ ಲೆಕ್ಕವೇ,
ತಿರುಗಿ ಬರುವ ಖರ್ಚೂ ನಮ್ಮದೇ.

ಲೈಸೆನ್ಸು ಬಂದು ಹನ್ನೊಂದು ವರ್ಷ.
ಆ ಸೀಟಿನಲ್ಲಿ ಇನ್ಯಾರದೋ ಬೆನ್ನಿನ ತಗ್ಗು;
ನನ್ನ ಬೆನ್ನು ಅದಕ್ಕೆ ಹೊಂದುವಷ್ಟರಲ್ಲಿ
ಇಳಿಯುವ ಹೊತ್ತು.

ಗೋಡೆಯಾಚೆ ಚಹಾದಂಗಡಿ. ನಾವು ಮೂವರು.
ಹಲ್ಲಿನ ಡಾಕ್ಟರು ನದಾಫರಿಗೆ ಹಳದಿ ಪೈಪರ್ ಕಬ್ ಬೇಕು,
ಬಾಗಿಲು ತೆರೆದೇ ಹಾರಬೇಕು,
ಬೈಲಹೊಂಗಲದ ಕಡೆ ಜೋಳ ಕೊಯ್ದ ಹೊಲದಲ್ಲಿ ಇಳಿದು
ಎಳೆ ಸೌತೆಕಾಯಿ ತಿಂದು ಬರಬೇಕು.
ವಕೀಲ ಸಾತೇರಿಗೆ ನೀರಿನ ಮೇಲೆ ಇಳಿಯುವಂಥದು:
ಹಿಡಕಲ್ ಹಿನ್ನೀರಿಗೆ ಹೊಟ್ಟೆ ತಾಗಿಸಿ ನಿಲ್ಲಿಸಿ
ರೆಕ್ಕೆಯ ಮೇಲೆ ಕೂತು ಗಾಳ ಹಾಕುವುದು.
"ಅದಕ್ಕ ಪರವಾನಿಗಿ ಯಾರ ಕೊಡ್ತಾರೋ?"
"ಅದಕ್ಕಽ ನಾ ವಕೀಲ ಆಗೇನಿ."
ಚಹಾದ ಈರಪ್ಪ ಲೋಟ ಎತ್ತುತ್ತ ಎಂದ,
"ಒಳಗ ಸಂಡಾಸ್ ಇರೂವಂಥಾದ್ದು ತಗೊಳ್ರಿ ಸರ."
ಅಷ್ಟು ದೊಡ್ಡದನ್ನು ನಮ್ಮಲ್ಲಿ ಯಾರೂ ಕನಸಿರಲಿಲ್ಲ.

ನನ್ನದನ್ನು ನಾನು ಹೇಳುವುದಿಲ್ಲ.
ನನ್ನದು ಹಳೇ ಪುಷ್ಪಕ. ಪುರಾಣದ್ದಲ್ಲ,
ಬೆಂಗಳೂರಲ್ಲಿ ಕಟ್ಟಿದ್ದು; ತೊಂಬತ್ತು ಕುದುರೆ, ಬಟ್ಟೆ ಹೊದಿಸಿದ ರೆಕ್ಕೆ.
ಪುರಾಣದ್ದರಲ್ಲಿ ಎಷ್ಟು ಮಂದಿ ಹತ್ತಿದರೂ
ಇನ್ನೊಬ್ಬರಿಗೆ ಜಾಗ ಇರುತ್ತಿತ್ತಂತೆ.
ಇದರಲ್ಲಿ ಇಬ್ಬರಿಗಷ್ಟೆ, ಅದೂ ಮೊಣಕೈಗೆ ಮೊಣಕೈ.
ಒಮ್ಮೆ ಕಂಡಿದ್ದೇನೆ, ಯಾವುದೋ ಕ್ಲಬ್ಬಿನ ಹ್ಯಾಂಗರಿನ ಮೂಲೆಯಲ್ಲಿ:
ಮೈಮೇಲೆ ಪಾರಿವಾಳದ ಹಿಕ್ಕೆ,
ಒಂದು ರೆಕ್ಕೆ ಕಳಚಿ ಗೋಡೆಗೆ ಒರಗಿಸಿದ್ದರು.
ಬೆರಳಿನಿಂದ ತಟ್ಟಿದೆ.
ದಿಮ್ ಎಂದಿತು.
ಅವತ್ತಿನಿಂದ ನಿದ್ದೆ ಸರಿಯಿಲ್ಲ.

ಲಾಗ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಪೆನ್ನು:
ನಿಜದ ತಾಸು, ಸಹಿ, ಠಸ್ಸೆ.
ಹಿಂದಿನ ಪುಟಗಳಲ್ಲಿ ಪೆನ್ಸಿಲ್ಲು.
'ಯಳ್ಳೂರ ಗಡ ಸುತ್ತಿ ಬಂದೆ. ಐವತ್ತು ಮಿನಿಟು. ಗಾಳಿ ಪಡುವಣದ್ದು.'
'ಖಾನಾಪುರದ ಕಾಡು ದಾಟಿ ಕಡಲತನಕ. ಮೋಡ ಇಲ್ಲ.'
'ಊರಿನ ಮೇಲೆ ಬಂದಾಗ ಟಿಳಕವಾಡಿಯ ಮೂರನೇ ಗೇಟು ಹಾಕಿತ್ತು;
ನಿಂತ ಸ್ಕೂಟರುಗಳ ಸಾಲಿನಲ್ಲಿ ನನ್ನದೂ ಇತ್ತು,
ಮೇಲೆ ನಾನೂ ಕೂತಿದ್ದೆ. ಕೈ ಬೀಸಿದೆ.'
ಒಟ್ಟು ಮುನ್ನೂರಾ ಹನ್ನೆರಡು ತಾಸು.
ಪೆನ್ನಿನವು ಅದರ ಅರ್ಧವೂ ಇಲ್ಲ.

ದೀಪಾವಳಿಗೆ ಕಪಾಟು ಝಾಡಿಸುವಾಗ
ಅದು ತ್ರಿಶಲಾಳ ಕೈಗೆ ಸಿಕ್ಕಿತು.
ವಿಮಾ ಆಫೀಸಿನಲ್ಲಿ ಇಪ್ಪತ್ತು ವರ್ಷ ಕಾಲಮ್ಮು ತಾಳೆ ನೋಡಿದವಳು,
ಏನೂ ಅನ್ನಲಿಲ್ಲ.
ಮರುದಿನ ತೆರೆದರೆ
'ಜೊತೆಗಿದ್ದವರು' ಎಂಬಲ್ಲಿ ನಾನೆಳೆದ ಒಂದೊಂದು ಅಡ್ಡಗೆರೆಗೂ
ಕೆಂಪು ಬಾಲ್‌ಪೆನ್ನಿನ ಪ್ರಶ್ನೆಗುರುತು.
ಕೊನೆಗೆ ಮೂರು ಸಾಲು:
'ನನ್ನ ತೂಕ ಅರವತ್ತೆಂಟು. ಚೀಲಾ, ಬುತ್ತಿ ಹಿಡದು ನಾಕು.
ಹೊತ್ತ ಮುಳುಗೂದ್ರಾಗ ನನ್ನ ಊಟಾ ಆಗಬೇಕು.
ಲೆಕ್ಕಾ ಮತ್ತ ಮಾಡ್ರಿ.'

ಮಾಡಿದೆ.
ಹೊತ್ತು ಮುಳುಗುವುದರೊಳಗೆ ಇಳಿಯಬೇಕೆಂಬುದು
ಆ ಪುಟ್ಟ ವಿಮಾನದ ಕಾಯಿದೆಯೂ ಹೌದು. ಅದು ಸರಿಹೋಯಿತು.
ಎರಡು ಜೀವ ಹತ್ತಿದರೆ ಪೆಟ್ರೋಲು ಇಳಿಸಬೇಕು.
ಕಡಲು ಹೋಯಿತು.
ಗೋಕಾಕದತನಕ ಹೋಗಿ ಬರಬಹುದು,
ಧಬಧಬೆಯ ಮೇಲೆ ಒಂದು ಸುತ್ತು ಹೆಚ್ಚಿಗೆ.
ರಬ್ಬರಿನಿಂದ ಕಡಲನ್ನು ತಿಕ್ಕಿದೆ,
ಅಷ್ಟು ಜಾಗದಲ್ಲಿ ಕಾಗದ ತುಸು ತೆಳ್ಳಗಾಗಿದೆ.

"ಕಿಟಕಿ ಯಾರ ಕಡೀಗೆ?" ಒಳಗಿಂದ ಕೇಳಿದಳು.
ನಾನು ಮಂಚದ ಕೆಳಗೆ ತೂಕದ ಯಂತ್ರ ಹುಡುಕುತ್ತಿದ್ದೆ.
ನನ್ನದು ಎಪ್ಪತ್ತೆರಡು ಅಂತ ಬರೆದದ್ದು
ಹನ್ನೊಂದು ವರ್ಷದ ಹಿಂದೆ.