ಎತ್ತರ

ಫುಜೈರಾದಲ್ಲಿ ಆಗಸ್ಟ್ ಬಂತೆಂದರೆ
ನಾಯಿಗೆ ನಾಲ್ಕೂವರೆಗೇ ಬೆಳಗಾಗಬೇಕು.
ಆಮೇಲೆ ಡಾಂಬರು ಕಾದ ಹೆಂಚು,
ಅಂಗಾಲು ದೋಸೆ.

ಖುಬ್ಬೂಸ್ ಅಂತ ಹೆಸರಿಟ್ಟವಳು ಮಗಳು.
ವಾದಿಯ ಕಲ್ಲುಗಳ ಸಂದಿಯಲ್ಲಿ ಸಿಕ್ಕ ದಿನ
ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿಯ ಬಣ್ಣ,
ಅಲ್ಲಲ್ಲಿ ಸುಟ್ಟ ಕಲೆ.
ಪಕ್ಕೆಲುಬು ಎಣಿಸುತ್ತ ಹನ್ನೊಂದಕ್ಕೆ ಬಂದವಳು
ಅಳು ಬಂದು ನಿಲ್ಲಿಸಿದ್ದಳು.
ಈಗ ಎಣಿಸಲು ಬಿಡುವುದಿಲ್ಲ ಅವನು.
ಕಚಗುಳಿ.

ಕಟ್ಟಡದ ಹಿಂದೆ, ನೀರಿನ ಟ್ಯಾಂಕರು ನಿಲ್ಲುವ ಮೂಲೆಯಲ್ಲಿ
ನಮ್ಮದೊಂದು ಸಭೆ. ಯಾರೂ ಕರೆದದ್ದಲ್ಲ,
ಖುಬ್ಬೂಸ್ ಅಲ್ಲಿ ಕೂತ, ನಾವೂ ನಿಂತೆವು.

ವಾಚ್‌ಮನ್ ಪದಮ್‌ನ ಫೋನಿನಲ್ಲಿ ಒಂದು ಕಪ್ಪು ಹೆಣ್ಣು ನಾಯಿ:
ಕೊರಳಲ್ಲಿ ಚೆಂಡುಹೂವು, ಹಣೆಯಲ್ಲಿ ಕೆಂಪು.
ವರ್ಷಕ್ಕೊಂದು ದಿನ ನಾಯಿಗೇ ಹಬ್ಬವಂತೆ ನೇಪಾಳದಲ್ಲಿ.
ಉಳಿದ ದಿನ? ಅಂದೆ.
ಉಳಿದ ದಿನ ಬೈಗಳು, ಅಂದ.

ನರ್ಸ್ ಲುಜ್, ರಾತ್ರಿ ಪಾಳಿ ಮುಗಿಸಿ
ಚಪ್ಪಲಿ ಕೈಯಲ್ಲಿ ಹಿಡಿದು ಬರುವವಳು:
ಅವಳ ಮನೆಯಲ್ಲಿ ನಾಯಿಗೆ ಯಾವತ್ತೂ ಒಂದೇ ಹೆಸರು, ಬಂತಾಯ್.
ಒಂದು ಹೋದರೆ ಇನ್ನೊಂದಕ್ಕೆ ಅದೇ.
ಹೋದದ್ದನ್ನು ಅಮ್ಮ ಫೋನಿನಲ್ಲಿ ಹೇಳುವುದೇ ಇಲ್ಲ.
"ಬಂತಾಯ್ ಚೆನ್ನಾಗಿದ್ದಾನೆ."
ಹದಿನಾಲ್ಕು ವರ್ಷದಿಂದ ಚೆನ್ನಾಗಿದ್ದಾನೆ.

ಟ್ಯಾಕ್ಸಿಯ ಗುಲ್ ಜಮೀನ್ ಮುಟ್ಟುವುದಿಲ್ಲ,
ನಮಾಜಿಗೆ ಕೈಕಾಲು ತೊಳೆದವನು, ನಾಲ್ಕಡಿ ದೂರ.
ಆದರೆ ತುಪ್ಪದ ಹಳೇ ಡಬ್ಬಿಯಲ್ಲಿ ನೀರು ಇಡುವವನು ಅವನೇ,
ಮಂಜುಗಡ್ಡೆ ಹಾಕಿ.
ಗುಡ್ಡದ ಮೇಲೆ ಅವನ ಕುರಿ ಕಾಯುತ್ತಿದ್ದದ್ದಕ್ಕೆ ಒಂದೇ ಕಿವಿ,
ಇನ್ನೊಂದು ತೋಳನ ಪಾಲು.
ಫೋಟೋ ಇಲ್ಲ.
"ಇಷ್ಟೆತ್ತರ" ಎಂದು ಗಾಳಿಯಲ್ಲಿ ಅಂಗೈ ಮಟ್ಟಮಾಡಿ ಹಿಡಿದ.
ಹಿಡಿದೇ ಇದ್ದ,
ತೆಗೆದರೆ ಕೆಳಗಿನದು ಹೊರಟುಹೋಗುತ್ತದೆ ಅನ್ನುವ ಹಾಗೆ.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ದಾಂಡೇಲಿ, ಪೇಪರ್ ಮಿಲ್ಲಿನ ಕಾಲೊನಿ, ಮೂರನೇ ಸಾಲು.
ಕಾಗದದ ಸುರುಳಿಗಳ ಹಿಂದೆ ಹುಟ್ಟಿದ ಮರಿಯನ್ನು
ಅಪ್ಪ ಬುತ್ತಿ ಚೀಲದಲ್ಲಿ ತಂದಿದ್ದ. ಅದಕ್ಕೇ ರೀಲು.
ಪಾಳಿಯ ಭೋಂಗಾ ಆಗಲು ಎರಡು ನಿಮಿಷವಿದೆ ಅನ್ನುವಾಗ
ಎದ್ದು ಮೈ ಕೊಡವುತ್ತಿದ್ದ,
ಆಮೇಲೆ ಭೋಂಗಾ, ಆಮೇಲೆ ಅಪ್ಪನ ಸೈಕಲ್ಲು.
ಅಡಿಗೆಮನೆಗೆ ಕಾಲಿಟ್ಟರೆ ಸೌಟು ಎತ್ತುತ್ತಿದ್ದ ಅವ್ವ
ಅವನು ಹೋದ ಮೇಲೆ ಒಂಬತ್ತು ದಿನ
ಹಿತ್ತಲ ಮೆಟ್ಟಿಲ ಮೇಲೆ ಆ ಜರ್ಮನ್ ತಾಟಿನಲ್ಲಿ ಅನ್ನ ಇಟ್ಟಳು.
ಕಾಗೆ ತಿಂದವು.
ನಾವು ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ.

ಫೋಟೋ ಒಂದಿದೆ, ವಿರೂಪಾಕ್ಷಿ ಏಳನೇ ಕ್ಲಾಸು ಪಾಸಾದಾಗಿನದು.
ಬಲ ಅಂಚಿನಲ್ಲಿ ಒಂದು ಬಾಲ, ಅದೂ ಅಲುಗಿದೆ.
ನೋಡಿದವರು ಬೆರಳಿನಿಂದ ಒರೆಸಲು ಹೋಗುತ್ತಾರೆ,
ಏನೋ ಅಂಟಿದೆ ಅಂತ.

ಇದನ್ನೆಲ್ಲ ಹಿಂದಿಯಲ್ಲಿ ಎಷ್ಟು ಹೇಳಿದೆನೋ.
ಜರ್ಮನ್ ತಾಟು ಅಂದರೆ ಅವರಿಗೆ ಏನು ತಿಳಿಯಿತೋ.
ಲುಜ್ ಮಾತ್ರ ಚಪ್ಪಲಿ ಕೆಳಗಿಟ್ಟು ಕೂತಳು.

ಆಗ ದೂರದಲ್ಲಿ, ಲಂಗರು ಹಾಕಿದ ತೈಲದ ಹಡಗೊಂದು ಕೂಗಿತು.
ಖುಬ್ಬೂಸ್‌ನ ಎಡಗಿವಿ ಒಂದೇ ಎದ್ದಿತು.
ನನ್ನ ಹೊಟ್ಟೆಯಲ್ಲಿ ಯಾರೋ ಮೈ ಕೊಡವಿದರು.

"ರೀಲು ಎಷ್ಟೆತ್ತರ ಇದ್ದ?" ಅಂದಳು ಮಗಳು.
ಕೈ ಚಾಚಿದೆ, ಸೊಂಟದ ಮಟ್ಟಕ್ಕೆ.
ಅಲ್ಲ, ಆಗ ನನಗೆ ಏಳು ವರ್ಷ.
ಎದೆಗೆ ಬರುತ್ತಿದ್ದ, ನಿಜ, ಆದರೆ ಆ ಎದೆ ಎಲ್ಲಿತ್ತು?
ಕೈ ಇಳಿಸಿದೆ. ಇನ್ನೂ ಇಳಿಸಿದೆ.
ಮೊಣಕಾಲಿನ ಹತ್ತಿರ ಬಂದು ನಿಂತಿತು.
ಇಷ್ಟೇ ಇದ್ದನೇ?

ಖುಬ್ಬೂಸ್ ಬಂದು ಅಂಗೈ ಕೆಳಗೆ ತಲೆ ತೂರಿಸಿದ,
ಎರಡು ಬೆರಳು ಮೇಲಕ್ಕೆ ಒತ್ತಿದ.
ನಾಲ್ಕಡಿ ದೂರದಲ್ಲಿ ಗುಲ್ ಜಮೀನ್ ನಕ್ಕ.

ಐದೂಮುಕ್ಕಾಲು. ಗುಡ್ಡಗಳ ಅಂಚು ಕಂದಾಗುತ್ತಿತ್ತು.
ಮುಂಗೈ ತಿರುಗಿಸಿ ಡಾಂಬರು ಮುಟ್ಟಿ ನೋಡಿದೆ.
ಇನ್ನು ಹೊರಡಬೇಕು.